ಬಿಸಿಲಿನ ಬೆನ್ನು ಹತ್ತಿದ ಶಾವಿಗೆ

ಶಹಾಪುರದ ನೀಲಕಂಠಪ್ಪ ಬೆಂಗಳೂರಿಗೆ ಬಂದಾಗ ಜೊತೆಯಲ್ಲಿ ಎರಡು ಟ್ರಂಕು, ಒಬ್ಬ ಹೆಂಡತಿ, ಒಬ್ಬ ಮಗಳು ಮತ್ತು ತನ್ನೂರಿನ ಬಿಸಿಲನ್ನು ತಂದಿದ್ದ. ಆರು ವರ್ಷವಾಯಿತು. ಟ್ರಂಕುಗಳು ಬಿಟಿಎಂ ಎರಡನೇ ಹಂತದ ಬಾಡಿಗೆ ಮನೆಯ ಮಂಚದ ಕೆಳಗೆ ಸೇರಿಕೊಂಡವು. ಹೆಂಡತಿ ಲಕ್ಕವ್ವ ಬಂದ ಮೂರೇ ದಿನದಲ್ಲಿ ಬೀದಿಯ ಅಷ್ಟೂ ಹೆಂಗಸರಿಗೆ ರೊಟ್ಟಿ ಬಡಿಯುವುದು ಕಲಿಸಿದಳು. ಮಗಳು ಅನ್ನಪೂರ್ಣ ಓದು ಮುಗಿಸಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬಿಸಿಲು ಮಾತ್ರ ಎಲ್ಲಿಯೂ ಇಳಿಯದೆ ನೀಲಕಂಠಪ್ಪನ ನಾಲಿಗೆಯ ಮೇಲೇ ಠಿಕಾಣಿ ಹೂಡಿತು.

ಅವನು ಒಂದು ದೊಡ್ಡ ಆಫೀಸಿನ ಪ್ಯಾಂಟ್ರಿ ಸೂಪರ್‌ವೈಸರ್. ದಿನಕ್ಕೆ ಎಂಟು ಸಾವಿರ ಕಪ್ ಚಹಾ ಕೊಡುತ್ತಿದ್ದ. ಎಂಟುನೂರು ಅನ್ನುವವರೂ ಇದ್ದಾರೆ, ಹೊಟ್ಟೆಕಿಚ್ಚಿನವರು ಎಲ್ಲಿಲ್ಲ? ಒಂದೊಂದು ಕಪ್ಪಿನ ಜೊತೆಗೂ ಒಂದು ಚೂರು ಶಹಾಪುರದ ಬಿಸಿಲು ಪುಕ್ಕಟೆ.

“ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ನೆರಳಿಗೂ ಹೊರಗ ನಿಲ್ಲಾಕ ಆಗಂಗಿಲ್ರಿ ಮೇಡಂ. ನಮ್ಮ ಹಿಂದಿಂದ ಒಳಗ ಬಂದು, ಕಟ್ಟಿ ಮ್ಯಾಲೆ ಕುಂತು, ಒಂದು ತಂಬಿಗಿ ನೀರು ಕೊಡ್ರಿ ಅಂತದ.”

ಮೇಡಂ ನಕ್ಕರೆ ಮುಂದಿನದು ಸಿದ್ಧ. “ಮಾಳಿಗಿ ಮ್ಯಾಲಿನ ಟಾಕಿ ನೀರಿಗೆ ಚಹಾಪುಡಿ ಹಾಕಿದ್ರ ಮುಗೀತು. ಅದರ ಮ್ಯಾಲೂ ಒಲಿ ಮ್ಯಾಲೆ ಇಟ್ರ ಚಹಾ ಆರಿ ಹೋಗ್ತದ.”

ಮಗಳ ನಿಶ್ಚಿತಾರ್ಥದ ದಿನವೂ ಅವನು ಬಾಯಿಗೆ ರಜೆ ಕೊಡಲಿಲ್ಲ. ಬೀಗರ ಮನೆ ಹೊಸಕೆರೆಹಳ್ಳಿಯಲ್ಲಿ. ಬೀಗರು ಗುರುಬಸಪ್ಪನವರು ಬನಶಂಕರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವರು, ಬೀಗಿತ್ತಿ ಕಮಲಾದೇವಿ, ಹುಡುಗ ಶರಣ್. ತಾತನ ಕಾಲದಲ್ಲಿ ನಂಜನಗೂಡಿನ ಕಡೆಯಿಂದ ಬಂದು ಇಲ್ಲೇ ನೀರು ಕುಡಿದು ಬೆಳೆದ ಮನೆ. ಊಟವಾಗಿ ಎಲೆ ಅಡಿಕೆಯ ತಟ್ಟೆ ಹೊರಟಾಗ ಮಾತು ಹವೆಯ ಕಡೆ ತಿರುಗಿತು. ನೆಂಟರು ರಾಜ್ಯದ ನಾಲ್ಕೂ ಮೂಲೆಯಿಂದ ಬಂದಿದ್ದರಲ್ಲ, ತಂತಮ್ಮ ಊರಿನ ಆಕಾಶವನ್ನು ಯಾರು ಬಿಟ್ಟುಕೊಡುತ್ತಾರೆ?

ಸಕಲೇಶಪುರದಿಂದ ಬಂದಿದ್ದ ಏಕಾಂತಯ್ಯ ಎಂಬ ಹಿರಿಯರು ಗಂಟಲು ಸರಿಮಾಡಿಕೊಂಡರು. “ನಮ್ಮಲ್ಲಿ ಜೂನ್‌ನಲ್ಲಿ ಒಗೆದು ಹಾಕಿದ ಮದುವೆ ಪಂಚೆ ಒಣಗೋ ಹೊತ್ತಿಗೆ ಮಗುವಿಗೆ ನಾಮಕರಣ ಆಗಿರುತ್ತೆ.”

ಕಾರವಾರದಲ್ಲಿ ಬ್ಯಾಂಕಿನ ಕೆಲಸ ಮಾಡುವ ಮಧುಮತಿ, ನೀಲಕಂಠಪ್ಪನ ತಂಗಿ, ಸುಮ್ಮನಿರಲಿಲ್ಲ. “ನಮ್ಮ ಕಡಿ ಮಳಿನೂ ಬ್ಯಾಡ, ಬಿಸಿಲೂ ಬ್ಯಾಡ. ಸುಮ್ಮನ ಕುಂತ್ರೂ ಸೀರಿ ಹಿಂಡಬಹುದು. ಉಪ್ಪಿನ ಡಬ್ಬಿಯಾಗ ಚಮಚ ಹಾಕಂಗಿಲ್ಲ, ಬಗ್ಗಿಸಿ ಸುರಕೋತೀವಿ.”

“ನಿಮ್ಮದೆಲ್ಲ ಕಾಯಿಲೆ,” ಅಂದರು ಗುರುಬಸಪ್ಪ. “ಹವಾ ಅಂದ್ರೆ ಬೆಂಗ್ಳೂರು. ನಮ್ಮಪ್ಪ ಫ್ಯಾನ್ ತಂದ್ರು ಅರವತ್ತೆಂಟರಲ್ಲಿ. ಅದು ತಿರುಗಿದ್ದು ತೊಂಬತ್ತೆಂಟರಲ್ಲಿ.”

ಕೊನೆಗೆ ನೀಲಕಂಠಪ್ಪ ನೆರಳಿಗೆ ನೀರು ಕೊಟ್ಟ ಕತೆ ಹೇಳಿ ಗೆದ್ದ. ಗೆದ್ದ ಅಮಲಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ. “ನಮ್ಮ ಲಕ್ಕವ್ವ ಮಗಳ ಬುಟ್ಟಿಗೆ ಶಾವಿಗಿ ಮಾಡ್ತಾಳ ನೋಡ್ರಿ. ವೀಣೆಗೆ ತಂತಿ ಇಲ್ಲಂದ್ರ ಅದನ್ನ ಕಟ್ಟಿ ಬಾರಿಸಬಹುದು. ಅಷ್ಟು ಒಣಗಿರ್ತದ.”

ಒಲೆಯ ಹತ್ತಿರ ನಿಂತಿದ್ದ ಲಕ್ಕವ್ವ ಗಂಡನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

ಶಾವಿಗೆ ಅವಳಿಗೆ ಬಾಯಿಮಾತಿನ ವಿಷಯವಲ್ಲ. ಅವಳ ತವರಿನಲ್ಲಿ ಮಗಳನ್ನು ಕಳಿಸುವಾಗ ತಾಯಿ ತನ್ನ ಕೈಯಾರೆ ಮಾಡಿದ ಗೋಧಿ ಶಾವಿಗೆಯನ್ನು ಬಿದಿರು ಬುಟ್ಟಿಯಲ್ಲಿ ತುಂಬಿ ಕೊಡಬೇಕು. ಅದು ವರ್ಷ ಪೂರ್ತಿ ಬರಬೇಕು. ಮದುವೆಯ ಮಾರನೇ ದಿನ ಅತ್ತೆಮನೆಯಲ್ಲಿ ಬುಟ್ಟಿ ಬಿಚ್ಚುವ ತನಕ ಗಂಡಿನ ಕಡೆಯವರ ಕಣ್ಣು ಅದರ ಮೇಲೆ ಬೀಳಬಾರದು. ಲಕ್ಕವ್ವನ ತಾಯಿ ಕೊಟ್ಟದ್ದು ಮುಂದಿನ ಯುಗಾದಿಯ ತನಕ ಬಂದಿತ್ತು. ತವರು ನೆನಪಾದಾಗಲೆಲ್ಲ ಒಂದು ಹಿಡಿ ಕುದಿಸಿ, ಬೆಲ್ಲ ಹಾಲು ಹಾಕಿಕೊಂಡು, ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕೂತು ತಿಂದಿದ್ದಳು. “ನನ್ನ ಮಗಳ ಬುಟ್ಟಿಯೊಳಗ ಬೂಷ್ಟು ಬಂತು ಅಂದ್ರ ನಾ ಆಕಿಗೆ ಏನೂ ಕೊಡಲಿಲ್ಲ ಅಂತ ಅರ್ಥ,” ಅನ್ನುತ್ತಿದ್ದಳು.

ಅದಕ್ಕೇ ಏಪ್ರಿಲ್‌ನಲ್ಲಿ ಹದಿನೈದು ದಿನ ಶಹಾಪುರಕ್ಕೆ ಹೋಗಿ ಮಾಡಿಕೊಂಡು ಬರುತ್ತೇನೆಂದು ಚೀಲ ಕಟ್ಟಿದಳು. ತಡೆದವನು ನೀಲಕಂಠಪ್ಪ.

ಆ ವರ್ಷ ಬೆಂಗಳೂರಿನಲ್ಲಿ ಸೆಕೆ ಹೆಚ್ಚೇ ಇತ್ತು. ಮೂವತ್ತೇಳು ದಾಟಿದ್ದೇ ತಡ, ಆಫೀಸಿನವರ ಗೋಳು ಆಕಾಶ ಮುಟ್ಟಿತು. “ಬೆಂದ್ ಹೋದ್ವಿ ನೀಲಕಂಠಪ್ಪ”, “ರೋಸ್ಟ್ ಆಗೋದೆ ಮಗಾ”, “ಇನ್ನು ಬೆಂಗ್ಳೂರಲ್ಲಿ ಬದುಕಕ್ಕಾಗಲ್ಲ ಗುರು”. ಏಸಿಯ ಕೆಳಗೆ ಕೂತವರ ಈ ಮಾತನ್ನು ಎರಡು ತಿಂಗಳು ಕೇಳಿ ಕೇಳಿ ಅವನು ಪೂರ್ತಿ ನಂಬಿಬಿಟ್ಟ. ಆರು ವರ್ಷ ತಾನು ಹೇಳಿದ ಸುಳ್ಳನ್ನು ಯಾರೂ ನಂಬಿರಲಿಲ್ಲ, ಎರಡೇ ತಿಂಗಳಲ್ಲಿ ಅವರ ಸುಳ್ಳನ್ನು ಇವನು ನಂಬಿದ.

“ಏ, ಊರಿಗೆ ಯಾಕ ಹೋಗ್ತಿ? ಬಿಸಿಲು ಈಗ ಇಲ್ಲಿಗೇ ಬಂದದ. ಜನ ಬೇಯಾಕತ್ತಾರ ಇಲ್ಲಿ.”

“ನಿಮಗ ಸೆಕಿ ಆಗಾಕತ್ತದೇನು?” ಅಂತ ಕೇಳಿದಳು ಲಕ್ಕವ್ವ.

“ನನಗ ಹ್ಯಾಂಗ ಆಗ್ತದ? ನಾ ಶಹಾಪುರದಾಂವ.”

ನಿಜ ಹೇಳಬೇಕೆಂದರೆ ಅವಳಿಲ್ಲದ ಮನೆಯಲ್ಲಿ ಹದಿನೈದು ದಿನ ಇರಲು ಅವನಿಗೆ ಆಗುತ್ತಿರಲಿಲ್ಲ. ಒಮ್ಮೆ ಅವಳು ನಾಲ್ಕು ದಿನ ಊರಿಗೆ ಹೋದಾಗ ಅವನು ಹನ್ನೊಂದು ಕಿಲೋ ಇಳಿದಿದ್ದ. ಅದನ್ನು ಬಾಯಿಬಿಟ್ಟು ಹೇಳುವ ಗಂಡಸೇ? ಬಿಸಿಲಿನ ಮೇಲೆ ಹಾಕಿದ. ಅವಳು ಅರ್ಧ ನಂಬಿ, ಇನ್ನರ್ಧ ಅವನ ಮುಖ ನೋಡಿ ಚೀಲ ಬಿಚ್ಚಿದಳು. ಊರಿನಿಂದ ಜವೆಗೋಧಿಯ ಸಣ್ಣ ರವೆ ಬಂತು, ಶಾವಿಗೆ ಮಷಿನ್ ಬಂತು. ಎಲ್ಲ ಕೂಡಿಬರುವ ಹೊತ್ತಿಗೆ ಮೇ ತಿಂಗಳ ಮಧ್ಯ. ಮದುವೆಗೆ ಹನ್ನೆರಡು ದಿನ.

ಅವತ್ತು ಭಾನುವಾರ. ಬೆಳಿಗ್ಗೆ ಐದಕ್ಕೇ ಮನೆ ಓನರ್ ವೆಂಕಟಾಚಲ ಅವರ ಟೆರೇಸ್ ಮೇಲೆ ಬೆಂಚು ಹಾಕಿ ಮಷಿನ್ ಬಿಗಿದರು. ಬೀದಿಯಲ್ಲಿದ್ದ ಕಲಬುರ್ಗಿ, ವಿಜಯಪುರ, ಬೀದರಿನ ಹೆಂಗಸರೆಲ್ಲ ಬಂದರು. ಒಬ್ಬಳು ನಾದಿದಳು, ಒಬ್ಬಳು ತಿರುವಿದಳು, ಲಕ್ಕವ್ವ ಕೆಳಗೆ ಕೂತು ಇಳಿಯುವ ಎಳೆಯನ್ನು ಕೋಲಿನ ಮೇಲೆ ಹಿಡಿದಳು. ಒಂದು ಎಳೆ ತುಂಡಾಗಲಿಲ್ಲ. ಬಿಡಿಸಿ ಕಟ್ಟಿದ್ದರೆ ಒಂದೇ ಎಳೆಯಲ್ಲಿ ಬಿಟಿಎಂನಿಂದ ಮೆಜೆಸ್ಟಿಕ್ ಮುಟ್ಟಿ ವಾಪಸ್ ಬರಬಹುದಿತ್ತು. ಹತ್ತು ಗಂಟೆಗೆ ನಲವತ್ತು ಕೋಲು ಶಾವಿಗೆ ಬಿಸಿಲಿಗೆ ನೇತಾಡಿತು. ನಲವತ್ತು ಅಜ್ಜಿಯರು ತಲೆ ಎರೆದುಕೊಂಡು ಕೂದಲು ಬಿಚ್ಚಿ ಕೂತ ಹಾಗೆ.

ಹನ್ನೆರಡಕ್ಕೆ ಲಕ್ಕವ್ವ ಒಂದು ಎಳೆ ಮುಟ್ಟಿ ನೋಡಿದಳು. ಬಗ್ಗಿತು, ಮುರಿಯಲಿಲ್ಲ.

“ಊರಾಗಾದ್ರ ಇಷ್ಟೊತ್ತಿಗೆ ಬುಟ್ಟಿ ತುಂಬಿ ಬಾಯಿಗೆ ಅರಿವಿ ಕಟ್ಟಿರ್ತಿದ್ದೆ.”

“ಇನ್ನಾ ಕಾಯ್ತದ ತಡಿ. ಈಗಷ್ಟೇ ಎದ್ದದ ಬಿಸಿಲು.”

“ಇದೇನು ಬಿಸಿಲ್ರೀ? ಉಪ್ಪು ಕಾರ ಇಲ್ಲದ ಸಾರು ಇದ್ದಂಗದ.”

ಒಂದೂಕಾಲಿಗೆ ಮಡಿವಾಳದ ಕಡೆಯಿಂದ ಕಪ್ಪಗೆ ಏನೋ ಎದ್ದಿತು. “ಮೋಡ,” ಅಂದಳು ಅನ್ನಪೂರ್ಣ. “ಮೋಡ ಅಲ್ಲ, ಯಾರೋ ಕಸ ಸುಡಾಕತ್ತಾರ,” ಅಂದ ನೀಲಕಂಠಪ್ಪ. ಹಾಗೆಂದು ಬಾಯಿ ಮುಚ್ಚುವ ಮೊದಲೇ ಅವನ ಬೋಳುತಲೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಹನಿ ಬಿತ್ತು.

ಲಕ್ಕವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಬಿಚ್ಚಿ ಹತ್ತಿರದ ಕೋಲಿನ ಮೇಲೆ ಹರಡಿ ನಿಂತಳು. ನಲವತ್ತು ಕೋಲಿಗೆ ಒಂದು ಸೆರಗು. ಕೆಳಗಿನ ಮನೆ ಎರಡು ಕೋಣೆ, ಒಂದು ಫ್ಯಾನು. ಮಳೆ ಬಂದರೆ ಕರೆಂಟೂ ಹೋಗುತ್ತದೆ. ಹಸಿ ಶಾವಿಗೆ ಒತ್ತಿ ಇಟ್ಟರೆ ರಾತ್ರಿಗೇ ಹುಳಿ. ತಂದ ರವೆಯೆಲ್ಲ ಖಾಲಿ. ನೀಲಕಂಠಪ್ಪ ಹೆಗಲ ಮೇಲಿನ ಟವೆಲು ತೆಗೆದು ಇನ್ನೊಂದು ಕೋಲಿಗೆ ಹೊದಿಸಿ ನಿಂತ.

ಆಗ ಬಂದವನು ತಿಮ್ಮರಾಯಪ್ಪ. ಸುಬ್ರಹ್ಮಣ್ಯಪುರದವನು, ಟಾಟಾ ಏಸ್ ಓಡಿಸುವವನು, ಆಫೀಸಿನ ಪ್ಯಾಂಟ್ರಿಗೆ ಹಾಲು ತರುವ ಸ್ನೇಹಿತ. ಮಧ್ಯಾಹ್ನದ ಊಟಕ್ಕೆ ಕರೆದಿದ್ದರು, ಹೊತ್ತಿಗೆ ಸರಿಯಾಗಿ ಮೇಲೆ ಬಂದ.

“ಯಾಕಣ್ಣ ಹಿಂಗ್ ನಿಂತಿದ್ದೀರ? ಯಾರಿಗೇನಾಯ್ತು?”

“ಮಳಿ ಬಂತಲ್ಲೋ ತಿಮ್ಮಾ. ಮೇ ತಿಂಗಳಾಗ!”

“ಮೇ ತಿಂಗಳಲ್ಲಿ ಬರದೆ ಇನ್ಯಾವಾಗ್ ಬರುತ್ತೆ? ಮಾವಿನಹಣ್ ಜೊತೆಗೇ ಬರೋದು ಇದು.” ಅವನು ಆಕಾಶವನ್ನು ಬಾಡಿಗೆ ಕೇಳುವವನ ಹಾಗೆ ಮೇಲೆ ಕೆಳಗೆ ನೋಡಿದ. “ಅಕ್ಕ, ಟೆನ್ಷನ್ ಬೇಡ. ಇದು ಬೆಂಗ್ಳೂರ್ ಮಳೆ. ಒಂದ್ ಕ್ರಾಸಲ್ಲಿ ಸುರಿದ್ರೆ ಪಕ್ಕದ್ ಕ್ರಾಸಲ್ಲಿ ರಂಗೋಲಿ ಅಳ್ಸಲ್ಲ. ಜಯನಗರದಿಂದ ಈಗ್ ಬಂದೆ, ಅಲ್ಲಿ ಸಖತ್ ಬಿಸಿಲು. ಗಾಡಿಗ್ ಹಾಕಿ, ಹೋಗಣ.”

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹೆಂಗಸರು ಸಾಲುಗಟ್ಟಿ ನಲವತ್ತು ಕೋಲನ್ನೂ ಒಂದೂವರೆ ನಿಮಿಷದಲ್ಲಿ ಕೆಳಗಿಳಿಸಿದರು. ಗಾಡಿಯ ಎರಡು ಪಕ್ಕದ ಕಂಬಿಯ ಮೇಲೆ ಕೋಲು ಅಡ್ಡಡ್ಡ ಕೂತವು, ಶಾವಿಗೆ ಒಳಗೆ ಇಳಿಬಿದ್ದಿತು, ಮೇಲೆ ಟಾರ್ಪಾಲು. ಲಕ್ಕವ್ವ ಮುಂದೆ ಕೂತಳು. ನೀಲಕಂಠಪ್ಪ ಹಿಂದೆ, ಶಾವಿಗೆಯ ನಡುವೆ, ಮದುಮಗನ ಹಾಗೆ. ಅನ್ನಪೂರ್ಣ ಫೋನಿನಲ್ಲಿ ಮೋಡ ನೋಡಿ ಹೇಳುತ್ತೇನೆಂದು ಮನೆಯಲ್ಲೇ ಉಳಿದಳು.

ಜಯನಗರ ಮುಟ್ಟಿದಾಗ ನಿಜಕ್ಕೂ ಬಿಸಿಲಿತ್ತು. ಆದರೆ ಅದು ಮರಗಳ ತಲೆಯ ಮೇಲಿತ್ತು. ಆ ಬಡಾವಣೆಯ ಮರಗಳು ಎಷ್ಟು ಒತ್ತಾಗಿವೆ ಎಂದರೆ ಅಲ್ಲಿ ಹುಟ್ಟಿದ ಕೆಲವರು ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮೊದಲ ಬಾರಿ ಸೂರ್ಯನನ್ನು ನೋಡಿದ್ದಾರೆ. ಟಾರ್ಪಾಲು ತೆಗೆದು ಒಂದು ಬೀದಿಯಿಂದ ಇನ್ನೊಂದಕ್ಕೆ ಸುತ್ತಿದರು. ಎಲ್ಲಿ ನಿಂತರೂ ಶಾವಿಗೆಯ ಮೇಲೆ ರೂಪಾಯಿ ಅಗಲದ ನಾಲ್ಕು ಬಿಸಿಲು ಚುಕ್ಕಿ, ಅಷ್ಟೇ. ಮೇಲಿಂದ ಹಳದಿ ಹೂವು ಬೇರೆ ಉದುರುತ್ತಿತ್ತು.

“ಪೂಜಿ ಮಾಡಾಕ ಬಂದೀವೇನು ಇಲ್ಲಿ?” ಅಂತ ಹೂ ಆರಿಸಿದಳು ಲಕ್ಕವ್ವ.

ಅಲ್ಲಿಂದ ಯಡಿಯೂರು ಕೆರೆಯ ಪಕ್ಕಕ್ಕೆ. ಮರದಿಂದ ದೂರ ಒಳ್ಳೆ ಜಾಗ ಸಿಕ್ಕಿತು, ಹದಿನೈದು ನಿಮಿಷ ಬಿಸಿಲೂ ಸಿಕ್ಕಿತು. ಅಷ್ಟರಲ್ಲಿ ಸುತ್ತ ಜನ ನೆರೆದರು.

“ಏನ್ ಅಂಕಲ್ ಇದು, ವಿಗ್ ಮಾಡಕ್ಕಾ?”

“ವಿಗ್ ಅಲ್ಲಪ್ಪಾ, ಶಾವಿಗಿ.”

“ಶಾವಿಗೆ ಪ್ಯಾಕೆಟಲ್ಲಿ ಬರುತ್ತಲ್ಲ?”

“ನೀ ಹುಟ್ಟಿದ್ದೂ ಪ್ಯಾಕೆಟ್ಟಿನಾಗೇನು?”

ಇದೇ ಹೊತ್ತಿಗೆ ಶಹಾಪುರದಿಂದ ತಮ್ಮ ಗುರುಸಿದ್ದನ ಫೋನು. ಸುದ್ದಿ ಅಲ್ಲಿಗೂ ಮುಟ್ಟಿತ್ತು. “ಅಣ್ಣಾ, ಇಲ್ಲಿ ಬಿಸಿಲು ನಲವತ್ನಾಲ್ಕು ಅದ. ಬಿದ್ದು ಕೊಳ್ಯಾಕತ್ತದ, ಯಾರೂ ಒಯ್ಯವಲ್ರು. ಒಂದು ಚೀಲ ತುಂಬಿ ರಾತ್ರಿ ಬಸ್ಸಿಗೆ ಹಾಕ್ಲೇನು?” ಹಿಂದೆ ಇಡೀ ಓಣಿ ನಗುವುದು ಕೇಳಿಸಿತು. ನೀಲಕಂಠಪ್ಪ ಕರೆ ಕತ್ತರಿಸಿದ. ಕಾರವಾರದಿಂದ ಮಧುಮತಿಯೂ ಮೆಸೇಜು ಹಾಕಿದ್ದಳು: ‘ಇಲ್ಲಿಗೆ ತರಬ್ಯಾಡ. ಒಣಗಿದ್ದೂ ಹಸಿ ಆಗ್ತದ.’

ಮೋಡ ಅವರ ವಿಳಾಸ ಕೇಳಿಕೊಂಡು ಬಂದಂತೆ ಯಡಿಯೂರಿಗೂ ಬಂತು. ತಿಮ್ಮರಾಯಪ್ಪ ಮನೆಗೆ ಫೋನು ಮಾಡಿದ. ಹೆಂಡತಿ ಶ್ರೀದೇವಿ, “ಸುಬ್ರಹ್ಮಣ್ಯಪುರದಲ್ಲಿ ಬಟ್ಟೆ ಎತ್ತಿ ಒಳಗ್ ಹಾಕ್ತಿದೀನಿ, ಈಗ್ ಮಾತಾಡಕ್ಕಾಗಲ್ಲ” ಅಂದು ಇಟ್ಟಳು. ಆಮೇಲೆ ಅನ್ನಪೂರ್ಣಳ ಕರೆ.

“ಅಪ್ಪಾ, ಹೊಸಕೆರೆಹಳ್ಳಿಯಾಗ ಚಲೋ ಬಿಸಿಲು ಅದ. ಐದರ ತನಕ ಇರ್ತದಂತ.”

“ಫೋನಿನಾಗ ಬಂತೇನು?”

“ಹೂಂ... ಫೋನಿನಾಗನ.”

“ಮೋಡದ ಚಿತ್ರ ನೋಡಿದಿ?”

ಅನ್ನಪೂರ್ಣ ದನಿ ಇಳಿಸಿದಳು. “ಶರಣ್‌ಗ ಕೇಳ್ದೆ.”

ಮುಂದಿನ ಸೀಟಿನಲ್ಲಿ ಲಕ್ಕವ್ವ ಹಣೆ ಬಡಿದುಕೊಂಡಳು. ಬೆಂಗಳೂರಿನಲ್ಲಿ ಅಷ್ಟು ಬಡಾವಣೆ ಇದ್ದೂ ಬಿಸಿಲು ಹೋಗಿ ನಿಂತದ್ದು ಬೀಗರ ತಲೆಯ ಮೇಲೆ! “ಬ್ಯಾಡ್ರೀ. ಅವರ ಕಣ್ಣಿಗೆ ಬೀಳಬಾರದು. ನಮ್ಮವ್ವ ಅಟ್ಟದ ಮ್ಯಾಲೆ ಮುಚ್ಚಿಟ್ಟಿದ್ಳು.”

“ಅವರ ಬೀದಿಗೆ ಯಾರು ಹೋಗ್ತಾರ? ಕೆರಿ ಕಡಿ ನಿಲ್ಲಿಸೋಣು. ಗಪ್ಪಂತ ಒಣಗಿಸ್ಕೊಂಡು ಬರೋದು.”

ಗಪ್ಪಂತ ಒಣಗಿಸುವ ಯೋಜನೆ ಹೊಸಕೆರೆಹಳ್ಳಿ ಮುಟ್ಟಿದ ಏಳನೇ ನಿಮಿಷಕ್ಕೆ ಮುಗಿಯಿತು. ಕೆರೆಯ ಕಡೆ ರಸ್ತೆ ಅಗೆದಿದ್ದರು, ಕೆಂಪು ಧೂಳು ಏಳುತ್ತಿತ್ತು. ಧೂಳು ತಪ್ಪಿಸಲು ತಿಮ್ಮರಾಯಪ್ಪ ಒಳದಾರಿ ಹಿಡಿದ. ಒಳದಾರಿಯಲ್ಲಿ ಎದುರಿನಿಂದ ನೀರಿನ ಟ್ಯಾಂಕರ್ ಬಂತು, ಅದಕ್ಕೆ ಜಾಗ ಬಿಡಲು ಪಕ್ಕದ ಕ್ರಾಸಿಗೆ ಹಿಂದೆ ಹಿಂದೆ ಬಂದ. ನಿಂತ ಮೇಲೆ ನೋಡಿದರೆ ಪರಿಚಯದ ಹಸಿರು ಗೇಟು.

“ಬೀಗ್ರೇ!” ಅಂತ ಟೆರೇಸಿನಿಂದ ಕಮಲಾದೇವಿಯ ಧ್ವನಿ. “ನೀಲಕಂಠಪ್ಪೋರೇ! ಅಲ್ಲೇನ್ ಮಾಡ್ತಿದೀರ ಗಾಡಿ ಒಳಗೆ?”

ನೀಲಕಂಠಪ್ಪ ಶಾವಿಗೆಯ ನಡುವೆ ನಿಂತು ಕೈ ಮುಗಿದ. “ಏನಿಲ್ಲರೀ ಅಕ್ಕಾರ, ಪೆಂಡಾಲಿಗೆ ಝಾಲರು ತಂದಿದ್ವಿ.”

“ಬಿಳಿ ಝಾಲರಾ ಮದುವೆಗೆ?”

“ಬಣ್ಣ ಹಾಕಸ್ತೀವ್ರಿ.”

ಕಮಲಾದೇವಿ ಇಳಿದು ಬರುವಷ್ಟರಲ್ಲಿ ಲಕ್ಕವ್ವ ಹಿಂದಕ್ಕೆ ಓಡಿ ಬಂದು ಎರಡೂ ಕೈ ಚಾಚಿ ಗಾಡಿಗೆ ಅಡ್ಡ ನಿಂತಿದ್ದಳು. ಐದು ಅಡಿಯ ಲಕ್ಕವ್ವ ಏಳಡಿ ಅಗಲವಾಗಲು ನೋಡುತ್ತಿದ್ದಳು. ಅವಳ ಕಣ್ಣು ನೋಡಿ ಕಮಲಾದೇವಿಯ ನಗು ನಿಂತಿತು.

“ಏನಾಯ್ತು ಲಕ್ಕವ್ವನೋರೇ?”

ಲಕ್ಕವ್ವ ಹೇಳಿದಳು. ಬುಟ್ಟಿ, ಅವ್ವ, ಯುಗಾದಿ, ಬೆಳಗಿನ ಐದು ಗಂಟೆ, ಮಳೆ, ಮರ, ಹೂವು, ಎಲ್ಲ ಒಂದೇ ಉಸಿರಿನಲ್ಲಿ. ಕೊನೆಗೆ, “ನೀವು ನೋಡಬಾರದಿತ್ತು ಅಕ್ಕಾರ. ಈಗ ನೋಡಿಬಿಟ್ರಿ,” ಅನ್ನುತ್ತ ಚಾಚಿದ ಕೈ ಇಳಿಸಿದಳು.

“ನೋಡಿದ್ನಾ? ಯಾರ್ ಹೇಳಿದ್ದು?” ಕಮಲಾದೇವಿ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿದರು. “ಕನ್ನಡಕ ಇಲ್ದೆ ನನಗೆ ಯಜಮಾನ್ರೇ ಕಾಣಲ್ಲ, ಇನ್ ಇದು ಕಾಣುತ್ತಾ? ಏನೋ ಝಾಲರು ಅಂದ್ರಪ್ಪ, ನಾನ್ ನಂಬಿದೆ. ಟೆರೇಸಲ್ಲಿ ಬಿಸಿಲು ಸುಮ್ನೆ ಹಾಳಾಗ್ತಿದೆ. ಏನಪ್ಪ ಡ್ರೈವರ್, ಗೇಟ್ ತೆಗಿ.”

ನಲವತ್ತು ಕೋಲು ಮೂರು ಮಹಡಿ ಹತ್ತಿದವು. ಕಮಲಾದೇವಿ ಪ್ರತಿ ಕೋಲಿಗೂ ಒಂದು ಕೈ ಕೊಡುತ್ತ, ಪ್ರತಿ ಸಲವೂ ಮುಖವನ್ನು ಆ ಕಡೆ ತಿರುಗಿಸುತ್ತ ನಡೆದದ್ದರಿಂದ ಎರಡು ಸಲ ಗೋಡೆಗೆ, ಒಂದು ಸಲ ಗುರುಬಸಪ್ಪನವರಿಗೆ ಢಿಕ್ಕಿ ಹೊಡೆದರು. ಟೆರೇಸಿನ ಮೇಲೆ ನಿಜವಾದ ಬಿಸಿಲಿತ್ತು. ಶಹಾಪುರದ್ದಲ್ಲ, ಆದರೆ ಅದರ ದೂರದ ನೆಂಟ ಅನ್ನಬಹುದಾದ ಬಿಸಿಲು.

ನೆರಳಿರುವ ಗೋಡೆಯ ಬುಡದಲ್ಲಿ ಎಲ್ಲರೂ ಕೂತರು. ಕಮಲಾದೇವಿಗೆ ಒಂದು ಸಂದೇಹ ಕಾಡುತ್ತಿತ್ತು.

“ಲಕ್ಕವ್ವನೋರೇ, ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಶಾವಿಗೆನ ಯಾಕೆ ಒಣಗಿಸ್ಬೇಕು? ನಾವು ಅಕ್ಕಿ ಹಿಟ್ಟು ಬೇಯ್ಸಿ, ಒರಳಲ್ಲಿ ಒತ್ತಿ, ಬಿಸಿಬಿಸಿ ಇರುವಾಗ್ಲೇ ಕಾಯಿಹಾಲು ಹಾಕ್ಕೊಂಡು ತಿಂದ್ಬಿಡ್ತೀವಿ. ಸಂಜೆಗೆ ಉಳಿಯಲ್ಲ, ಉಳಿಸಿದ್ರೆ ಕೆಡುತ್ತೆ.”

“ಅವತ್ತೇ ತಿಂತೀರಿ?” ಲಕ್ಕವ್ವನಿಗೆ ನಂಬಲಾಗಲಿಲ್ಲ. “ಹಂಗಾರ ವರ್ಷಕ್ಕ ಏನು ಇಡ್ತೀರಿ?”

“ವರ್ಷಕ್ಕೆ ಯಾಕ್ ಇಡಬೇಕು?”

“ನಮ್ಮಲ್ಲಿ ಬಿಸಿಲು ಇದ್ದಾಗ ಎಲ್ಲಾ ಒಣಗಿಸಿ ಇಟ್ಕೋಬೇಕ್ರಿ. ಶಾವಿಗಿ, ಸಂಡಿಗಿ, ಹಪ್ಪಳ, ಕಾಯಿಪಲ್ಯಾ. ಹಸೀದು ಸಿಗೋ ದಿನ ಕಡಿಮಿ.”

“ಓ,” ಅಂದರು ಕಮಲಾದೇವಿ. “ನಮಗೆ ಇಲ್ಲಿ ದಿನಾ ಒಂದಿಷ್ಟು ಹಸಿರು ಸಿಕ್ಕೇ ಸಿಗುತ್ತೆ. ಅದಕ್ಕೇ ಇರ್ಬೇಕು, ಇಟ್ಕೊಳೋ ಬುದ್ಧಿನೇ ಬರ್ಲಿಲ್ಲ.”

ಗುರುಬಸಪ್ಪ ಪೇಪರ್ ಮಡಿಸಿದರು. “ವೀಣೆಗೆ ಕಟ್ಟಬಹುದು ಅಂದಿದ್ರಿ ಬೀಗ್ರೇ. ಈಗ ಬಾರಿಸ್ತೀರೋ?”

“ಇದಿನ್ನಾ ತಂಬೂರಿಗೆ ಬಂದದರಿ,” ಅಂದ ನೀಲಕಂಠಪ್ಪ. “ವೀಣೆಗೆ ನಾಳೆ.”

ಐದಕ್ಕೆ ಬಿಸಿಲು ಇಳಿಯಿತು. ಶಾವಿಗೆ ಇನ್ನೂ ಬಗ್ಗುತ್ತಿತ್ತು. ಹುಳಿ ಬರುವ ಭಯ ಹೋಗಿತ್ತು, ವರ್ಷ ಬಾಳುವ ಧೈರ್ಯ ಬಂದಿರಲಿಲ್ಲ. ಕಮಲಾದೇವಿ ಕೋಲುಗಳನ್ನು ನಡುಮನೆಯಲ್ಲಿ ನಾಲ್ಕು ಫ್ಯಾನಿನ ಕೆಳಗೆ ಕಟ್ಟಿಸಿದರು. ಆ ರಾತ್ರಿ ಆ ಮನೆಯವರು ಶಾವಿಗೆಯ ಕೆಳಗೆ ಬಗ್ಗಿ ಓಡಾಡಿದರು. ಶರಣ್ ತನ್ನ ಕೋಣೆಗೆ ಹೋಗಲು ತೆವಳಿದ. “ನಾಳೆ ಹತ್ತಕ್ಕೆ ಬನ್ನಿ ಲಕ್ಕವ್ವನೋರೇ,” ಅಂದರು ಕಮಲಾದೇವಿ, “ನಮಗೆ ಇದರ ಹದ ಗೊತ್ತಾಗಲ್ಲ.”

ಲಕ್ಕವ್ವ ಸೋಮವಾರ ಹೋದಳು. ಮಂಗಳವಾರ ಹೋದಳು. ಎರಡು ಬಸ್ಸು ಹಿಡಿದು ಹತ್ತಕ್ಕೆ ಹೋಗಿ ಕೋಲು ಬಿಸಿಲಿಗೆ ಹಾಕುವುದು, ಮಳೆ ಬರುವ ಮೊದಲು ಒಳಗೆ ತರುವುದು, ನಾಲ್ಕಕ್ಕೆ ಹೊರಡುವುದು. ಸಂಜೆ ನೀಲಕಂಠಪ್ಪ ಆತಂಕದಿಂದ “ಒಣಗೇತೇನು?” ಅಂತ ಕೇಳಿದರೆ, “ಇನ್ನಾ ಇಲ್ಲ. ಇದೇನು ನಿಮ್ಮ ಶಹಾಪುರೇನು?” ಅನ್ನುವಳು. ಅವಳ ಚೀಲದಿಂದ ಒಂದು ದಿನ ಹುರುಳಿಸಾರಿನ ಡಬ್ಬಿ ಇಳಿಯಿತು, ಒಂದು ದಿನ ಮಲ್ಲಿಗೆ ಬಳ್ಳಿಯ ಕಡ್ಡಿ. ಒಂದು ದಿನ ಅವಳು, “ಅಕ್ಕಿ ಶಾವಿಗಿ ಒತ್ತಾಕ ಭಾಳ ಶಕ್ತಿ ಬೇಕ್ರೀ, ತೋಳು ನೋಯ್ತಾವ” ಅಂದಳು. ಅನ್ನಪೂರ್ಣ ಫೋನು ಹಿಡಿದು ಯಾಕೋ ನಗುತ್ತಿದ್ದಳು.

ಮದುವೆಗೆ ನಾಲ್ಕು ದಿನ ಉಳಿದಾಗ ನೀಲಕಂಠಪ್ಪನ ತಾಳ್ಮೆ ಕೆಟ್ಟಿತು. ಬುಟ್ಟಿ ಹೆಣೆಯುವವನು ಬುಟ್ಟಿ ಕೊಟ್ಟಾಗಿತ್ತು, ತುಂಬಲು ಶಾವಿಗೆ ಇರಲಿಲ್ಲ. ಎಲ್ಲದಕ್ಕೂ ತನ್ನ ಬಾಯಿ ಕಾರಣ. ಊರಿಗೆ ಕಳಿಸಿದ್ದರೆ ಎರಡು ತಾಸಿನಲ್ಲಿ ಮುಗಿಯುತ್ತಿತ್ತು. ಎಂಟು ಸಾವಿರ ಕಪ್ ಚಹಾ ಬೇರೆಯವರಿಗೆ ವಹಿಸಿ, ಅರ್ಧ ದಿನ ರಜೆ ಹಾಕಿ ಹೊಸಕೆರೆಹಳ್ಳಿಗೆ ಬಂದ. ತಪ್ಪಾಯಿತು ಅಂತ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ.

ಟೆರೇಸಿನ ಬಾಗಿಲಿಗೆ ಬಂದಾಗ ಹೆಂಗಸರಿಬ್ಬರೂ ಇವನಿಗೆ ಬೆನ್ನು ಮಾಡಿ ಗೋಡೆಯ ನೆರಳಿನಲ್ಲಿ ಕೂತಿದ್ದರು. ನಡುವೆ ಒಂದು ಮೊರ, ಮೊರದಲ್ಲಿ ಅಲಸಂದೆಕಾಯಿ. ಲಕ್ಕವ್ವ ಅನ್ನಪೂರ್ಣಳಿಗೆ ಮೂರು ವರ್ಷವಿದ್ದಾಗ ಜ್ವರ ಬಂದ ಕತೆ ಹೇಳುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ, ಅವನ ಜೊತೆಗೂ ಆ ಮಾತು ತೆಗೆದವಳಲ್ಲ. ಕಮಲಾದೇವಿ ಕಾಳು ಬಿಡಿಸುವುದು ನಿಲ್ಲಿಸಿ, ಕನ್ನಡಕ ಒರೆಸುತ್ತ ಕೇಳುತ್ತಿದ್ದರು. “ಅವಳಿಗೆ ಈಗ್ಲೂ ಜ್ವರ ಬಂದ್ರೆ ಗಂಜಿ ಸೇರಲ್ವಾ? ಹೇಳಿ, ನನಗ್ ಗೊತ್ತಿರ್ಬೇಕಲ್ಲ.”

ನೀಲಕಂಠಪ್ಪ ಬಾಗಿಲ ಪಕ್ಕದ ಕೋಲಿನಿಂದ ಒಂದು ಎಳೆ ಹಿಡಿದು ಬಗ್ಗಿಸಿದ. ಅದು ಬಗ್ಗಲಿಲ್ಲ. ಚಟ್ ಎಂದು ಮುರಿಯಿತು. ಇನ್ನೊಂದು ಎಳೆ ಹಿಡಿದ. ಚಟ್. ಅದು ಇವತ್ತು ನಿನ್ನೆ ಒಣಗಿದ ಶಾವಿಗೆಯಲ್ಲ. ಬಿಸಿಲಿನಲ್ಲಿ ಹುಟ್ಟಿದವನಿಗೆ ಅಷ್ಟೂ ತಿಳಿಯುವುದಿಲ್ಲವೇ? ಹೋದ ಬುಧವಾರಕ್ಕೇ ಒಣಗಿ ಎಲುಬಾಗಿತ್ತು. ಮುಂದಿನ ಯುಗಾದಿ ಯಾಕೆ, ಮೊಮ್ಮಕ್ಕಳ ಮದುವೆಯ ತನಕ ಇಡಬಹುದಿತ್ತು.

ಸದ್ದಿಗೆ ಇಬ್ಬರೂ ತಿರುಗಿದರು. ಲಕ್ಕವ್ವನ ಕಿವಿ ಕೆಂಪಾಯಿತು. ಕಮಲಾದೇವಿ ಅಲಸಂದೆಕಾಯಿಯೊಂದನ್ನು ಬಹಳ ಶ್ರದ್ಧೆಯಿಂದ ಬಿಡಿಸತೊಡಗಿದರು.

“ಹೆಂಗಿದೆ ಬೀಗ್ರೇ?” ಅಂತ ಕೇಳಿದರು, ತಲೆಯೆತ್ತದೆ. “ನಮಗಂತೂ ಹದ ತಿಳಿಯಲ್ಲ. ಬಿಸಿಲಿನ ವಿಷಯ ನಿಮ್ಮನ್ನೇ ಕೇಳ್ಬೇಕು.”

ಲಕ್ಕವ್ವ ಗಂಡನನ್ನೇ ನೋಡುತ್ತಿದ್ದಳು.

ನೀಲಕಂಠಪ್ಪ ಇನ್ನೊಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಅಕ್ಕಸಾಲಿಗ ಬಂಗಾರ ನೋಡುವ ಹಾಗೆ ಸೂರ್ಯನಿಗೆ ಅಡ್ಡ ಹಿಡಿದು ನೋಡಿದ.

“ಹಸಿ ಅದರಿ,” ಅಂದ. “ಈ ಬೆಂಗಳೂರು ಬಿಸಿಲಿಗೆ ಇನ್ನಾ ಮೂರು ದಿನ ಬೇಕೇ ಬೇಕು. ಮದುವಿ ಹಿಂದಿನ ದಿನ ಬುಟ್ಟಿ ತುಂಬಿದ್ರಾಯ್ತು. ಮುಂದಿನ ವರ್ಷ ಮಾಡೋ ಶಾವಿಗೀನೂ ಇಲ್ಲೇ ಒಣಗಸ್ಬೇಕು, ಹದಿನೈದು ದಿನ ಹಿಡೀತದ ಅಂತ ಈಗಲೇ ಹೇಳಿರ್ತೀನಿ.”

ಮುರಿದ ಚೂರುಗಳನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಬಾಯಿಗೆ ಹಾಕಿಕೊಂಡ. ಅಗಿದರೆ ಕರಕರ ಸದ್ದು ಕೇಳಿಸುತ್ತದೆ. ಅದಕ್ಕೇ ಅವು ಬಾಯೊಳಗೆ ನೆನೆದು ಮೆತ್ತಗಾಗುವ ತನಕ, ಸುಮಾರು ಕಾಲು ಗಂಟೆ, ಶಹಾಪುರದ ನೀಲಕಂಠಪ್ಪ ಒಂದು ಮಾತನ್ನೂ ಆಡದೆ ಅಲಸಂದೆಕಾಯಿ ಬಿಡಿಸುತ್ತ ಕೂತ.